ದವಡೆಯ ‘ಕಟಕ್’ ಶಬ್ದ: ಚಿಕಿತ್ಸೆ ಬೇಕಿರುವುದು ಶಬ್ದಕ್ಕೋ, ನೋವಿಗೋ?

ಪ್ರಶ್ನೆ: ವೈದ್ಯರಿಗೆ ನಮಸ್ಕಾರ. ಮೂರು ತಿಂಗಳಿನಿಂದ ಬಾಯಿ ತೆರೆದಾಗಲೆಲ್ಲ ಬಲಗಿವಿಯ ಮುಂದೆ ‘ಕಟಕ್’ ಎಂಬ ಶಬ್ದ ಬರುತ್ತಿದೆ. ಬೆಳಗ್ಗೆ ಏಳುವಾಗ ಕೆನ್ನೆ ಬಿಗಿದಿರುತ್ತದೆ, ಕಿವಿಯೊಳಗೇ ನೋಯುತ್ತಿರುವಂತೆ ಅನ್ನಿಸುತ್ತದೆ. ಆದರೆ ಕಿವಿಯಲ್ಲಿ ದೋಷವಿಲ್ಲವೆಂದು ಕಿವಿಯ ವೈದ್ಯರು ಹೇಳಿದ್ದಾರೆ. ಕೀಲು ಸವೆದಿದೆಯೇ? ಹಲ್ಲುಗಳ ಮೇಲ್ಮೈಯನ್ನು ತೇಯಿಸಿ ಕಚ್ಚುವಿಕೆಯನ್ನು ಸರಿಪಡಿಸಿಕೊಳ್ಳಿ ಎಂದು ಪರಿಚಿತರೊಬ್ಬರು ಸಲಹೆ ನೀಡಿದ್ದಾರೆ.

ಉತ್ತರ (ದಂತವೈದ್ಯರು): ನಮಸ್ಕಾರ. ಕಿವಿಯ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ನೋಡಿ: ಉರುಟಾದ ಗಂಟೊಂದು ಮೊದಲು ಇದ್ದಲ್ಲೇ ತಿರುಗಿ, ಆಮೇಲೆ ಮುಂದಕ್ಕೆ ಜಾರುತ್ತದೆ. ಅದು ಕೆಳದವಡೆಯ ತುದಿ. ಅದಕ್ಕೂ ತಲೆಬುರುಡೆಗೂ ನಡುವೆ ಮೆತ್ತೆಯಂತೆ ಕೂತಿರುವ ತೆಳುವಾದ ಬಿಲ್ಲೆ ಮುಂದಕ್ಕೆ ಸರಿದುಬಿಟ್ಟಿದ್ದರೆ, ಬಾಯಿ ತೆರೆಯುವಾಗ ದವಡೆಯ ತುದಿ ಬಿಲ್ಲೆಯ ಹಿಂಬದಿಯ ಅಂಚನ್ನು ದಾಟಿ ಮತ್ತೆ ಅದರಡಿಗೆ ಸೇರಿಕೊಳ್ಳುತ್ತದೆ. ನಿಮಗೆ ಕೇಳಿಸುವ ‘ಕಟಕ್’ ಆ ಕ್ಷಣದ್ದು. ನೋವಿಲ್ಲದೆ ಈ ಶಬ್ದವಷ್ಟೇ ಇರುವವರು ಬಹಳ ಮಂದಿ, ಅವರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಮರಳು ಅರೆದಂತೆ ಕರಕರ ಎಂದರೆ ಮಾತ್ರ ಸವೆತವನ್ನು ಶಂಕಿಸುತ್ತೇವೆ.

ಬೆಳಗಿನ ಬಿಗಿತ ನೋಡಿದರೆ, ನಿದ್ದೆಯಲ್ಲಿ ಹಲ್ಲು ಕಡಿಯುವುದರಿಂದ ದಣಿದ ಕೆನ್ನೆಯ ಸ್ನಾಯುವೇ ನೋಯುತ್ತಿರಬಹುದು. ಕೀಲಿನ ಸಂವೇದನೆಯನ್ನು ಒಯ್ಯುವ ನರವೇ ಕಿವಿಯ ಸುತ್ತಲಿನ ಭಾಗಕ್ಕೂ ಹೋಗುವುದರಿಂದ ಇಲ್ಲಿಯ ನೋವು ಅಲ್ಲಿ ಕಾಣಿಸಿಕೊಳ್ಳುತ್ತದೆ. 1934ರಲ್ಲಿ ಜೇಮ್ಸ್ ಕಾಸ್ಟನ್ ಎಂಬ ಕಿವಿ-ಮೂಗು-ಗಂಟಲಿನ ವೈದ್ಯರು ಇಂಥ ಕಿವಿನೋವಿಗೆ ದವಡೆಹಲ್ಲುಗಳ ನಷ್ಟವೇ ಕಾರಣವೆಂದು ಬರೆದ ಮೇಲೆ, ಹಲ್ಲುಗಳ ಕಚ್ಚುವಿಕೆಯೇ ಎಲ್ಲಕ್ಕೂ ಮೂಲವೆಂಬ ನಂಬಿಕೆ ದಶಕಗಳ ಕಾಲ ಉಳಿಯಿತು. ಈಗ ಆ ನಂಬಿಕೆಗೆ ಬಲವಿಲ್ಲ. ತೇಯ್ದು ತೆಗೆದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮರಳಿ ಬೆಳೆಯುವುದಿಲ್ಲ. ದಯವಿಟ್ಟು ಹಲ್ಲು ತೇಯಿಸಿಕೊಳ್ಳಬೇಡಿ.

ಮರುಪ್ರಶ್ನೆ: ಹಾಗಾದರೆ ಸದ್ಯಕ್ಕೆ ಏನು ಮಾಡಲಿ? ಎಂಆರ್‌ಐ ಮಾಡಿಸಲೇ?

ಉತ್ತರ: ಬಿಲ್ಲೆಯನ್ನು ಚೆನ್ನಾಗಿ ತೋರಿಸುವುದು ಎಂಆರ್‌ಐಯೇ ಆದರೂ, ಬಾಯಿ ಸರಾಗವಾಗಿ ತೆರೆಯುತ್ತಿರುವಾಗ ಅದರಿಂದ ಚಿಕಿತ್ಸೆ ಬದಲಾಗುವುದು ಅಪರೂಪ. ಈ ಸಾಲನ್ನು ಓದುವಾಗ ನಿಮ್ಮ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿವೆಯೇ? ತಾಗಿದ್ದರೆ ನಿಮ್ಮ ಕೆಲಸ ಅಲ್ಲಿಂದಲೇ ಶುರು, ಏಕೆಂದರೆ ಊಟ ಮತ್ತು ನುಂಗುವ ಹೊತ್ತನ್ನು ಬಿಟ್ಟರೆ ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸಣ್ಣ ಸಂದು ಇರಬೇಕು. ಕೆಲವು ವಾರ ಮೆತ್ತನೆಯ ಆಹಾರ ತೆಗೆದುಕೊಳ್ಳಿ, ಕೆನ್ನೆಗೆ ಹದವಾದ ಬಿಸಿ ಶಾಖ ಕೊಡಿ, ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿ ಒತ್ತಿ ಹಿಡಿಯಿರಿ. ರಾತ್ರಿ ಹಾಕಿಕೊಳ್ಳುವ ಸ್ಪ್ಲಿಂಟ್ (ಹಲ್ಲುಗಳ ಮೇಲೆ ಕೂರುವ ಕವಚ) ಹಲ್ಲುಗಳನ್ನು ಕಾಯುತ್ತದೆ, ಕೆಲವರಿಗೆ ನೋವನ್ನೂ ತಗ್ಗಿಸುತ್ತದೆ. ಜಾರಿದ ಬಿಲ್ಲೆಯನ್ನು ಅದು ಸ್ವಸ್ಥಾನಕ್ಕೆ ತರುತ್ತದೆಂದು ನಿರೀಕ್ಷಿಸಬೇಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನಗೂ ವರ್ಷಗಟ್ಟಲೆ ಶಬ್ದವಿತ್ತು. ಕಳೆದ ವಾರ ತಾನಾಗಿಯೇ ನಿಂತಿದೆ, ಆದರೆ ಬಾಯಲ್ಲಿ ಎರಡು ಬೆರಳೂ ಹಿಡಿಯುತ್ತಿಲ್ಲ. ಗುಣವಾಯಿತೆಂದೇ?

ಉತ್ತರ: ಇಲ್ಲ, ಬಹುಶಃ ಅದಕ್ಕೆ ವಿರುದ್ಧ. ಸಾಮಾನ್ಯವಾಗಿ ಬಾಯಿ 40 ಮಿಲಿಮೀಟರಿಗಿಂತ ಹೆಚ್ಚು ತೆರೆಯುತ್ತದೆ, ಎಂದರೆ ತಮ್ಮದೇ ಮೂರು ಬೆರಳುಗಳಷ್ಟು. ಬಿಲ್ಲೆ ಮುಂದೆಯೇ ಸಿಕ್ಕಿಕೊಂಡು ದಾರಿಗೆ ಅಡ್ಡವಾದಾಗ ಶಬ್ದ ನಿಲ್ಲುತ್ತದೆ, ಬಾಯಿಯೂ ಕಟ್ಟಿಕೊಳ್ಳುತ್ತದೆ. ಬಲವಂತವಾಗಿ ಎಳೆದು ತೆರೆಯದೆ, ಈ ವಾರವೇ ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರಿಗೆ ತೋರಿಸಿ. ಹೊಸದಾಗಿ ಸಿಕ್ಕಿಕೊಂಡದ್ದನ್ನು ಬಿಡಿಸುವುದು ಹಳೆಯದಕ್ಕಿಂತ ಸುಲಭ.