ಅಪ್‌ಡೇಟ್: ಪಾಲುದಾರಿಕೆ ಜಗಳ ಕೋರ್ಟ್ ಹೊರಗೇ ಬಗೆಹರಿಯಿತು

ಮುರಿದ ಪಾಲುದಾರಿಕೆಯ ಬಾಕಿ ಹಣಕ್ಕೆ ಕೇಸ್ ಹಾಕಲೇಬೇಕಾ ಅಂತ ಕೇಳಿದ್ದೆನಲ್ಲ, ಅದು ರಾಜಿಯಲ್ಲಿ ಮುಗಿಯಿತು. ಸಹಿ ಆಗಿ ಮೊದಲ ಕಂತೂ ಬಂದಿದೆ.

ಲೀಗಲ್ ನೋಟಿಸ್ ಕಳಿಸಿದೆ, ಅಷ್ಟೇ ಖಾರವಾದ ಉತ್ತರ ಬಂತು. ಸ್ನೇಹಿತರನ್ನು ಕೂರಿಸಿಕೊಂಡು ಮಾತಾಡಿದ್ದೂ ಹಳೇ ದೂರುಗಳಲ್ಲೇ ಮುಗಿಯಿತು. ಫಲ ಕೊಟ್ಟಿದ್ದು, ಮಧ್ಯಸ್ಥಿಕೆಯಲ್ಲಿ ತರಬೇತಿ ಪಡೆದ, ಇಬ್ಬರ ಕಡೆಗೂ ಸೇರದ ವಕೀಲರನ್ನು ಹಿಡಿಯಿರಿ ಎಂಬ ಸಲಹೆ. ಹೇಳಿದವರಿಗೆ ಮನಸಾರೆ ಧನ್ಯವಾದ.

ನನಗೆ ಅಚ್ಚರಿಯಾಗಿದ್ದು, ಆ ಮಧ್ಯಸ್ಥ ವಕೀಲರು ಯಾರದು ಸರಿ ಅಂತ ತೀರ್ಪು ಕೊಡಲೇ ಇಲ್ಲ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ, "ಗೆದ್ದರೂ ಹಣ ಕೈಗೆ ಬರೋದು ಯಾವಾಗ, ಅಲ್ಲಿವರೆಗೆ ಖರ್ಚೆಷ್ಟು?" ಅಂತ ಕೇಳುತ್ತಾ ಹೋದರು. ಅಲ್ಲಿ ಹೇಳಿದ್ದನ್ನು ನಮ್ಮ ಒಪ್ಪಿಗೆಯಿಲ್ಲದೆ ಎದುರಿನವರಿಗೆ ದಾಟಿಸುವುದಿಲ್ಲ, ಅದಕ್ಕೇ ಇಬ್ಬರೂ ಬಾಯಿಬಿಟ್ಟೆವು. ಆಗ ತಿಳಿಯಿತು, ನನ್ನ ಹಳೇ ಪಾಲುದಾರರ ತಕರಾರು ಮೊತ್ತದ್ದಲ್ಲ, ಒಂದೇ ಸಲಕ್ಕೆ ಕೊಡಲು ಆಗದಿದ್ದದ್ದು! ಕಂತಿಗೆ ನಾನು ಒಪ್ಪಿದ ಮೇಲೆ ಉಳಿದದ್ದು ಸಲೀಸು.

ಈ ದಾರಿ ಹಿಡಿಯುವವರು ಒಪ್ಪಂದದ ಕರಡನ್ನು ನಿಮ್ಮದೇ ವಕೀಲರಿಗೆ ತೋರಿಸಿ. ಮಧ್ಯಸ್ಥರು ನಿಮ್ಮ ಪರ ವಾದಿಸುವವರಲ್ಲ. ಕಂತು ತಪ್ಪಿದರೆ ಏನು ಅನ್ನೋದನ್ನೂ ಬರೆಸಿ. ಮಾತುಕತೆ ನಡೆಯುತ್ತಿದೆ ಅಂತ ದಾವೆ ಹೂಡುವ ಕಾಲಮಿತಿ ತಾನಾಗೇ ನಿಲ್ಲುತ್ತದೆ ಅಂದುಕೊಳ್ಳಬೇಡಿ, ಮೊದಲೇ ವಿಚಾರಿಸಿ.