ದೋಣಿ ಹೊತ್ತು ಓಡೋ ರೇಸ್: ಡಿವೈಜಿಸ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಹೊರಟವರ ಪ್ರಶ್ನೆಗಳು

ಇಂಗ್ಲೆಂಡಿನ ಡಿವೈಜಿಸ್ ಊರಿನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ ನಡೆಯೋ ಕಯಾಕ್ ರೇಸ್ ಬಗ್ಗೆ ಈ ವಾರ ಗುಂಪಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸೋ ಸರದಿ ನನ್ನದು. ನಾನು ರೆಡಿಂಗ್‌ನಲ್ಲಿ ಫಿಸಿಯೋಥೆರಪಿಸ್ಟ್. ಕಯಾಕ್ ಹೊಡೆಯುವವರ ಭುಜ, ಮಣಿಕಟ್ಟು ನೋಡೋದೇ ನನ್ನ ಕೆಲಸದ ದೊಡ್ಡ ಪಾಲು. ವಾರದ ಕೊನೆಯಲ್ಲಿ ಕ್ಲಬ್‌ನಲ್ಲಿ ಹೊಸಬರಿಗೆ ಕಲಿಸುತ್ತೇನೆ. ಕೇಳಿ.

ಪ್ರಶ್ನೆ (ಸ್ಲೌನಿಂದ): ನಮಸ್ಕಾರ ಮೇಡಂ. ಆಫೀಸಿನ ಗೆಳೆಯನೊಬ್ಬ ಈಸ್ಟರ್ ಸಮಯದ ಡಿವೈಜಿಸ್–ವೆಸ್ಟ್‌ಮಿನ್‌ಸ್ಟರ್ ರೇಸ್‌ಗೆ ಜೊತೆಗಾರನಾಗಿ ಬಾ ಅಂತ ಗಂಟು ಬಿದ್ದಿದ್ದಾನೆ. ನನಗೆ 38. ಜಿಮ್‌ಗೆ ಹೋಗ್ತೀನಿ, ಹಾಫ್ ಮ್ಯಾರಥಾನ್ ಓಡಿದ್ದೇನೆ. ದೋಣಿ ಅಂದ್ರೆ ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿದ್ದಷ್ಟೇ. ಒಂದು ವರ್ಷದಲ್ಲಿ ತಯಾರಾಗಬಹುದಾ?

ಉತ್ತರ: ಆಗಬಹುದು. ಆದರೆ ಯಾವುದಕ್ಕೆ ಒಪ್ಪಿಕೊಳ್ಳುತ್ತಿದ್ದೀರಿ ಅಂತ ಮೊದಲು ತಿಳಿದುಕೊಳ್ಳಿ. ಒಟ್ಟು 125 ಮೈಲಿ, ಅಂದರೆ 200 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೊದಲ 54 ಮೈಲಿ ಕೆನೆಟ್ ಆ್ಯಂಡ್ ಏವನ್ ನಾಲೆ, ರೆಡಿಂಗ್‌ನಿಂದ ಮುಂದೆ ಥೇಮ್ಸ್ ನದಿ. ಅದರಲ್ಲಿ ಕೊನೆಯ 17 ಮೈಲಿ ಸಮುದ್ರದ ಉಬ್ಬರ-ಇಳಿತಕ್ಕೆ ಸಿಕ್ಕಿದ ನೀರು. ನಾಲೆಯಲ್ಲೂ ನದಿಯಲ್ಲೂ ಸಾಲು ಸಾಲು ಲಾಕ್‌ಗಳಿವೆ, ಅಂದರೆ ನೀರು ತುಂಬಿಸಿ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸೋ ಬಾಗಿಲಿನ ತೊಟ್ಟಿಗಳು. ಲಾಕ್ ತುಂಬಿ ಖಾಲಿಯಾಗೋವರೆಗೆ ರೇಸ್‌ನಲ್ಲಿ ಕಾಯೋರು ಯಾರು? ದಡ ಹತ್ತಬೇಕು, ದೋಣಿ ಹೆಗಲಿಗೇರಿಸಬೇಕು, ಓಡಬೇಕು, ಮತ್ತೆ ಇಳಿಸಬೇಕು. ಅದಕ್ಕೆ ಪೋರ್ಟೇಜ್ ಅಂತಾರೆ. ಇಡೀ ದಾರಿಯಲ್ಲಿ ಅಂಥವು 77.

ಇಬ್ಬರು ಕೂರೋ ಕೆ2 ದೋಣಿಯಲ್ಲಿ ದೊಡ್ಡವರು ಇದನ್ನು ನಿಲ್ಲದೆ ಒಂದೇ ಏಟಿಗೆ ಮುಗಿಸ್ತಾರೆ, ರಾತ್ರಿಯೂ ಸೇರಿ. 1979ರಲ್ಲಿ ಬ್ರಯಾನ್ ಗ್ರೀನ್‌ಹ್ಯಾಮ್, ಟಿಮ್ ಕಾರ್ನಿಶ್ ಜೋಡಿ 15 ಗಂಟೆ 34 ನಿಮಿಷದಲ್ಲಿ ಮುಗಿಸಿತ್ತು. ನಿಮ್ಮಂಥವರು 24 ಗಂಟೆ ಆಸುಪಾಸು ಅಂತ ಲೆಕ್ಕ ಹಾಕಿಕೊಳ್ಳಿ. ಜಿಮ್ಮಿನ ತೋಳು ಇದ್ದರೆ ಒಳ್ಳೆಯದೇ. ಆದರೆ ತೋಳು ಸೋತು ಕೈಬಿಟ್ಟವರನ್ನು ನಾನು ನೋಡಿದ್ದು ಕಡಿಮೆ. ಚಳಿಗೆ, ಹೊಟ್ಟೆ ಕೆಟ್ಟು, ಇಲ್ಲಾ ಸಮಯ ಮೀರಿ ಬಿಟ್ಟವರೇ ಜಾಸ್ತಿ. ಈ ರೇಸ್ ಅರ್ಧಕ್ಕರ್ಧ ದಡದ ಮೇಲೆ ನಡೆಯುತ್ತೆ.

ಮೊದಲ ಮೂರು ತಿಂಗಳು ಬರೀ ಬೀಳದೆ ಕೂರೋದು ಕಲಿಯಿರಿ. ರೇಸಿಂಗ್ ಕೆ2 ತುಂಬಾ ಕಿರಿದು, ಸುಮ್ನೆ ಕೂತರೂ ಅಲ್ಲಾಡುತ್ತೆ. ಅಂಗಡಿಯವರು ವೇಗದ ದೋಣಿ ತೋರಿಸ್ತಾರೆ, ಮರುಳಾಗಬೇಡಿ. ಬೆಳಗಿನ ಜಾವ ಮೂರಕ್ಕೆ, ಬೆನ್ನು ಮರಗಟ್ಟಿದಾಗ, ಚೂರು ಅಗಲವಾದ ದೋಣಿಯೇ ನಿಮ್ಮನ್ನು ಬೇಗ ಊರು ಸೇರಿಸೋದು. ಇಲ್ಲಿನ ಕಯಾಕ್ ಸಂಘಟನೆ ಪ್ಯಾಡಲ್ ಯುಕೆ ಸದಸ್ಯತ್ವ ಮಾಡಿಸಿ, ನಾಲೆ ಮತ್ತು ಥೇಮ್ಸ್ ಎರಡರ ಪರವಾನಗಿಯೂ ಅದರೊಳಗೇ ಬರುತ್ತೆ. ಆಮೇಲೆ ನ್ಯೂಬರಿಯಲ್ಲಿ ನಡೆಯೋ ವಾಟರ್‌ಸೈಡ್ ರೇಸ್‌ಗಳಿಗೆ ಹೋಗಿ. ಇದೇ ನಾಲೆಯ ತುಂಡು ತುಂಡು ದಾರಿ, ದೂರ ಹೆಚ್ಚಿಸ್ತಾ ಹೋಗ್ತಾರೆ. ಅದನ್ನು ಮಾಡದೆ ನೇರ ಈಸ್ಟರ್‌ಗೆ ಬರೋದು ಬೇಡ.

ಪ್ರಶ್ನೆ (ಅದೇ ಸ್ಲೌನವರು): ಓಹ್, 77! ಅಲ್ಲಿ ಸಮಯ ಉಳಿಸೋದು ಹೇಗೆ? ಡಿವೈಜಿಸ್‌ನ ಆ ಮೆಟ್ಟಿಲು ಮೆಟ್ಟಿಲಾದ ಲಾಕ್‌ಗಳ ಫೋಟೋ ನೋಡಿ ಹೆದರಿಕೆ ಆಯ್ತು.

ಉತ್ತರ: ಅದು ಕೇನ್ ಹಿಲ್. 29 ಲಾಕ್ ಇವೆ, ಅದರಲ್ಲಿ 16 ಗುಡ್ಡದ ಮೇಲೆ ಒಂದರ ಹಿಂದೊಂದು. ಸಮಾಧಾನ ಮಾಡ್ಕೊಳ್ಳಿ, ಅದು ಊರಿನ ಪಶ್ಚಿಮಕ್ಕಿದೆ. ನೀವು ಹೊರಡೋದು ಅದರ ನೆತ್ತಿಯ ಮೇಲಿರೋ ಡಿವೈಜಿಸ್ ವಾರ್ಫ್‌ನಿಂದ, ಅದೂ ಪೂರ್ವಕ್ಕೆ. ಮೊದಲ 15 ಮೈಲಿ ಒಂದೂ ಲಾಕ್ ಇಲ್ಲ. ಎಲ್ಲರೂ ಇಲ್ಲೇ ಹುರುಪಿನಲ್ಲಿ ಜೋರಾಗಿ ಹೊಡೆದು ಸುಸ್ತಾಗೋದು. ವೂಟನ್ ರಿವರ್ಸ್‌ನಲ್ಲಿ ಮೊದಲ ಲಾಕ್. ಅಲ್ಲಿಂದ ನಾಲ್ಕು ಹತ್ತಿದರೆ ನಾಲೆಯ ಅತಿ ಎತ್ತರದ ಭಾಗ, ಅಲ್ಲಿ 459 ಮೀಟರ್ ಉದ್ದದ ಬ್ರೂಸ್ ಸುರಂಗ. ಒಳಗೆ ಕತ್ತಲು, ಪಕ್ಕದಲ್ಲಿ ನಡೆಯೋ ದಾರಿಯೂ ಇಲ್ಲ. ಸುರಂಗ ದಾಟಿದರೆ ಕ್ರಾಫ್ಟನ್‌ನಲ್ಲಿ ಒಂಬತ್ತು ಲಾಕ್ ಸಾಲಾಗಿ ಇಳಿಯುತ್ತವೆ. (ಪಕ್ಕದಲ್ಲೇ ನಾಲೆಗೆ ನೀರೆತ್ತೋ ಪಂಪ್‌ಹೌಸ್ ಇದೆ. 1812ರ ಉಗಿ ಎಂಜಿನ್ ಇವತ್ತಿಗೂ ಇದ್ದ ಜಾಗದಲ್ಲೇ ಓಡುತ್ತೆ. ರೇಸ್ ದಿನ ಅಲ್ಲ, ಇನ್ನೊಂದು ದಿನ ಮಕ್ಕಳನ್ನು ಕರ್ಕೊಂಡು ಹೋಗಿ.) ಕ್ರಾಫ್ಟನ್‌ನಲ್ಲಿ ಪ್ರತಿ ಲಾಕ್‌ಗೂ ಇಳಿದು ಹತ್ತೋದಕ್ಕಿಂತ ಕೆಲವು ಕಡೆ ಒಂದಕ್ಕಿಂತ ಹೆಚ್ಚು ಲಾಕ್ ಸೇರಿಸಿ ಒಂದೇ ಸಲಕ್ಕೆ ದೋಣಿ ಹೊತ್ತು ಓಡೋದೇ ವಾಸಿ. ಯಾವುದು ಎಲ್ಲಿ ಅಂತ ಮೊದಲೇ ನಡೆದು ನೋಡಿ ಬರೆದಿಟ್ಟುಕೊಳ್ಳಿ.

ಸಮಯದ ಲೆಕ್ಕ ಇಷ್ಟೇ. ಒಂದು ಪೋರ್ಟೇಜ್‌ಗೆ ಮೂರು ನಿಮಿಷ ಅಂದರೆ 77ಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಒಂದೊಂದರಲ್ಲಿ ಒಂದೇ ನಿಮಿಷ ಉಳಿಸಿ, ಒಂದೂಕಾಲು ಗಂಟೆ ಕೈಗೆ ಬಂತು. ನೀರಿನ ಮೇಲೆ ಅಷ್ಟು ಉಳಿಸೋಕೆ ಎಷ್ಟು ವರ್ಷ ಬೆವರು ಸುರಿಸಬೇಕು ಗೊತ್ತಾ? ಹಾಗಾಗಿ ಇಬ್ಬರೂ ಸೇರಿ ಪಾರ್ಕ್‌ನಲ್ಲಾದರೂ ಸರಿ ದೋಣಿ ಹೊತ್ತು ಓಡಿ. ಯಾರು ಮೊದಲು ಇಳಿಯೋದು, ಯಾವ ಹೆಗಲು, ಯಾವಾಗ ಬದಲಿಸೋದು, ಎಲ್ಲಕ್ಕೂ ಒಂದೊಂದು ಮಾತು ಗೊತ್ತು ಮಾಡಿ. ನೀರು ಹೊರಗೆ ಹೋಗೋ ಶೂ ಹಾಕಿ. ಹೆಗಲಿಗೆ ಸ್ಪಂಜಿನ ದಿಂಬು ಕಟ್ಟಿಕೊಂಡರೆ ನಾಚಿಕೆ ಏನಿಲ್ಲ.

ಪ್ರಶ್ನೆ (ಮಂಗಳೂರು ಮೂಲ, ಈಗ ಲಂಡನ್): ಅಕ್ಕ, ಎಲ್ಲರೂ ಟೆಡಿಂಗ್ಟನ್, ಟೆಡಿಂಗ್ಟನ್ ಅಂತಾರಲ್ವಾ, ಅಲ್ಲೇನು ಅಷ್ಟು ಗಲಾಟೆ?

ಉತ್ತರ: ನೀವು ಕರಾವಳಿಯವರು, ಬೇಗ ಅರ್ಥ ಆಗುತ್ತೆ. ಉಬ್ಬರದ ನೀರು ಟೆಡಿಂಗ್ಟನ್ ಲಾಕ್‌ವರೆಗೂ ಬರುತ್ತೆ. ಲಂಡನ್ ನಡುವೆ ಥೇಮ್ಸ್ ಏರಿ ಇಳಿಯೋದು ಏಳು ಮೀಟರ್‌ವರೆಗೂ ಇರುತ್ತೆ. ಇಳಿತ ಶುರುವಾದ ಮೇಲೆ ಟೆಡಿಂಗ್ಟನ್ ಬಿಟ್ಟರೆ ನೀರೇ ನಿಮ್ಮನ್ನು ವೆಸ್ಟ್‌ಮಿನ್‌ಸ್ಟರ್‌ಗೆ ಎಳ್ಕೊಂಡು ಹೋಗುತ್ತೆ. ಉಬ್ಬರಕ್ಕೆ ಎದುರಾಗಿ 17 ಮೈಲಿ, ಅದೂ ಮೈಯಲ್ಲಿ ನೂರು ಮೈಲಿಯ ಆಯಾಸ ಇಟ್ಟುಕೊಂಡು? ಆಗದ ಮಾತು. ಅದಕ್ಕೇ ಅಲ್ಲಿ ಗೊತ್ತಾದ ಹೊತ್ತಿನಲ್ಲಿ ಮಾತ್ರ ಬಿಡ್ತಾರೆ. ಬೇಗ ಬಂದರೆ ಒದ್ದೆ ಬಟ್ಟೆಯಲ್ಲಿ ನಡುಗ್ತಾ ಕಾಯಬೇಕು. ತಡವಾದರೆ ಮುಂದೆ ಬಿಡೋದಿಲ್ಲ.

ಹಾಗಾಗಿ ಈ ರೇಸ್‌ನ ಲೆಕ್ಕ ಹಿಂದಿನಿಂದ ಹಾಕಬೇಕು. ನಿಲ್ಲದೆ ಹೋಗುವವರಿಗೆ ಶನಿವಾರ ಹೊರಡೋ ಹೊತ್ತನ್ನು ತಾವೇ ಆರಿಸಿಕೊಳ್ಳೋ ಅವಕಾಶ ಇರುತ್ತೆ. ಟೆಡಿಂಗ್ಟನ್ ಹೊತ್ತು ನೋಡಿ, ನಿಮ್ಮ ನಿಜವಾದ ವೇಗ ಕಳೆದು, ಡಿವೈಜಿಸ್ ಬಿಡೋ ಹೊತ್ತು ಗೊತ್ತು ಮಾಡಿ. ಆಸೆಯ ವೇಗ ಹಾಕಬೇಡಿ. ಮಳೆ ಹೆಚ್ಚಾಗಿ ಥೇಮ್ಸ್ ರಭಸ ಇದ್ದರೆ ಲೆಕ್ಕವೆಲ್ಲ ತಲೆಕೆಳಗು, ಆಗ ಆಯೋಜಕರೇ ರೇಸ್ ಮೊಟಕು ಮಾಡೋದೂ ಉಂಟು. ಅದಕ್ಕೆ ಸಿಟ್ಟು ಮಾಡ್ಕೋಬೇಡಿ. ರಾತ್ರಿ ಹೊತ್ತು ತುಂಬಿದ ನದಿಯಲ್ಲಿ ಒಡ್ಡಿನ ಕಡೆಗೆ ಸೆಳೆತ ಸಿಕ್ಕಿದರೆ ಯಾರ ತೋಳೂ ಸಾಲದು.

ಪ್ರಶ್ನೆ (ರೆಡಿಂಗ್‌ನ ಗೃಹಿಣಿ): ನಮ್ಮ ಯಜಮಾನರು ಹೆಸರು ಕೊಟ್ಟಾಗಿದೆ, ನನ್ನನ್ನು ಕೇಳಿಯೂ ಇಲ್ಲ. ಸಪೋರ್ಟ್ ಮಾಡ್ಬೇಕಂತೆ. ಶುದ್ಧ ಸಸ್ಯಾಹಾರಿ ಬೇರೆ. ಏನು ತಿನ್ನಿಸೋದು?

ಉತ್ತರ: ಕೇಳದೆ ಹೆಸರು ಕೊಟ್ಟಿದ್ದಕ್ಕೆ ಏನು ವಸೂಲಿ ಮಾಡ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು! ಆದರೆ ನಿಮ್ಮ ಕೆಲಸ ಸಣ್ಣದಲ್ಲ. ನೀವು ಇಪ್ಪತ್ನಾಲ್ಕು ಗಂಟೆ ಕಾರು ಓಡಿಸ್ತಾ, ಲಾಕಿನಿಂದ ಲಾಕಿಗೆ ಹೋಗಿ, ಕತ್ತಲಲ್ಲಿ ಕೆಸರಿನಲ್ಲಿ ನಿಂತು, ಅವರು ಓಡ್ತಾ ಓಡ್ತಾ ಬಾಯಿ ತೆರೆದಾಗ ತುತ್ತು ಇಡಬೇಕು. ಒಬ್ಬರೇ ಮಾಡಬೇಡಿ. ಎರಡು ಕಾರು, ನಾಲ್ಕು ಜನ ಇರಲಿ. ರಾತ್ರಿ ಓಡಿಸುವವರು ಹಗಲು ಮಲಗಿರಲಿ. ನಿದ್ದೆಗೆಟ್ಟು ಕಾರು ಓಡಿಸೋದು ದೋಣಿಗಿಂತ ಅಪಾಯ.

ಊಟದ ವಿಷಯ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಅಷ್ಟು ಜೀರ್ಣ ಆಗೋಕೆ ಹೊಟ್ಟೆಗೂ ಅಭ್ಯಾಸ ಬೇಕು, ಹಾಗಾಗಿ ಅಭ್ಯಾಸದ ದಿನಗಳಲ್ಲೇ ತಿನ್ನಿಸಿ ನೋಡಿ. ಇಲ್ಲಿಯವರು ರೈಸ್ ಪುಡಿಂಗ್ ಚಮಚದಲ್ಲಿ ತಿನ್ನಿಸ್ತಾರೆ. ನಮ್ಮ ಮೊಸರನ್ನ ಅದಕ್ಕೇನು ಕಡಿಮೆ? ಮೆತ್ತಗೆ ಕಲಸಿ, ಉಪ್ಪು ಸ್ವಲ್ಪ ಮುಂದಿರಲಿ, ಒಗ್ಗರಣೆಯಲ್ಲಿ ಮೆಣಸಿನಕಾಯಿ ಬೇಡ, ಕಡಲೆಬೇಳೆಯೂ ಬೇಡ, ಓಡುವಾಗ ಗಂಟಲಿಗೆ ಸಿಕ್ಕುತ್ತೆ. ಸಜ್ಜಿಗೆ ಉಂಡೆ ಮಾಡಿ ಕೊಡಿ, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆಗೆ ಉಪ್ಪು. ನಡುನಡುವೆ ಎನರ್ಜಿ ಜೆಲ್. ಬಿಸಿ ಬಿಸಿ ಸಾರು ಫ್ಲಾಸ್ಕ್‌ನಲ್ಲಿ ಇರಲಿ, ಥೇಮ್ಸ್ ದಡದ ಹೆನ್ಲಿ ದಾಟಿದ ಮೇಲೆ ಅದಕ್ಕಿರೋ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಚಕ್ಕುಲಿ, ಕೋಡುಬಳೆ ಮನೆಯಲ್ಲೇ ಇರಲಿ, ಒಣ ಬಾಯಿಗೆ ಇಳಿಯೋದಿಲ್ಲ. ಬರೀ ನೀರನ್ನು ಒತ್ತಾಯ ಮಾಡಿ ಕುಡಿಸಬೇಡಿ, ರಕ್ತದ ಸೋಡಿಯಂ ಇಳಿದು ಆಸ್ಪತ್ರೆ ಸೇರಬೇಕಾದೀತು.

ಒಂದು ವಿಷಯ ನೀವೇ ಗಮನಿಸಬೇಕು. ಅವರು ನಡುಗೋದು ನಿಲ್ಲಿಸಿ, ಮಾತು ತೊದಲಿ, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ ಕೊಟ್ಟರೆ ಅದು ಆಯಾಸ ಅಲ್ಲ, ಮೈ ತಣ್ಣಗಾಗಿದೆ ಅಂತ. ಮುಂದೆ ಬಿಡಬೇಡಿ, ಎಷ್ಟೇ ಜಗಳ ಆಡಲಿ. ಒಣ ಬಟ್ಟೆ, ಕಂಬಳಿ, ಬೆಚ್ಚಗಿನ ಜಾಗ, ಪಕ್ಕದಲ್ಲಿರೋ ಮಾರ್ಷಲ್‌ಗೆ ಸುದ್ದಿ. ನಸುಕಿನಲ್ಲಿ ಮರಗಳ ನಡುವೆ ಯಾರೋ ನಿಂತ ಹಾಗೆ ಕಾಣ್ತಿದೆ ಅಂದರೆ ಅಷ್ಟು ಹೆದರಬೇಡಿ, ನಿದ್ದೆಗೆಟ್ಟವರಿಗೆ ಅದು ಸಾಮಾನ್ಯ. ಮಾತು ನೆಟ್ಟಗಿದೆಯಾ ಅಂತ ಮಾತ್ರ ನೋಡಿ.

ಪ್ರಶ್ನೆ (ಬ್ರಿಸ್ಟಲ್): ತರಬೇತಿ ಶುರು ಮಾಡಿ ಎರಡು ತಿಂಗಳಾಯ್ತು. ಬಲಗೈ ಮಣಿಕಟ್ಟಿನ ಮೇಲ್ಭಾಗ ಊದಿದೆ, ಮಡಿಚಿದರೆ ಕಿರ್ ಕಿರ್ ಅನ್ನುತ್ತೆ. ಐಬುಪ್ರೊಫೆನ್ ತಗೊಂಡು ಮುಂದುವರಿಸಲಾ?

ಉತ್ತರ: ಬೇಡ. ಸ್ನಾಯುಬಳ್ಳಿಯ ಸುತ್ತಲಿನ ಪೊರೆ ಉರಿದಿರೋ ಲಕ್ಷಣ ಅದು. ಹುಟ್ಟನ್ನು ಬಿಗಿಯಾಗಿ ಹಿಡಿದು, ಪ್ರತಿ ಹೊಡೆತಕ್ಕೂ ಮಣಿಕಟ್ಟು ಮೇಲಕ್ಕೆ ಬಗ್ಗಿಸುವವರಿಗೆ ಬರುತ್ತೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಕೈ ತಣ್ಣಗಾದಷ್ಟೂ ಹಿಡಿತ ಬಿಗಿ ಆಗುತ್ತೆ. ಕಿರ್ ಅನ್ನೋದು ನಿಲ್ಲೋವರೆಗೂ ದೋಣಿ ಬಿಡಿ, ಓಡಿ, ಸೈಕಲ್ ಹೊಡೆಯಿರಿ. ಮಾತ್ರೆ ನುಂಗಿ ನೋವು ಮುಚ್ಚಿಕೊಂಡು ಹೊಡೆದರೆ ವಾರಗಳಲ್ಲಿ ಹೋಗೋದು ತಿಂಗಳುಗಟ್ಟಲೆ ಕಾಡುತ್ತೆ. ಉದ್ದದ ರೇಸ್ ದಿನವಂತೂ ಐಬುಪ್ರೊಫೆನ್ ಮುಟ್ಟಬೇಡಿ, ನೀರಿಲ್ಲದ ಮೈಗೆ ಅದು ಮೂತ್ರಪಿಂಡದ ಮೇಲೆ ಹೊರೆ. ವಾಪಸ್ ಬಂದಾಗ ಮೇಲಿನ ಕೈ ಮುಂದೆ ತಳ್ಳುವಾಗ ಬೆರಳು ಸಡಿಲ ಬಿಡೋದು ಕಲಿಯಿರಿ. ಹುಟ್ಟಿನ ಎರಡು ಎಲೆಗಳ ನಡುವಿನ ತಿರುವಿನ ಕೋನವನ್ನೂ ಸ್ವಲ್ಪ ಕಡಿಮೆ ಮಾಡಿ ನೋಡಿ. ಶಕ್ತಿ ಸೊಂಟ ತಿರುಗಿಸೋದರಿಂದ, ಕಾಲು ಒತ್ತೋದರಿಂದ ಬರಬೇಕು. ನಿಮ್ಮ ವೀಡಿಯೋ ಇದ್ದರೆ ಕಳಿಸಿ.

ಪ್ರಶ್ನೆ (ಮಿಲ್ಟನ್ ಕೀನ್ಸ್, ತಾಯಿ): ಮಗಳು ಶಾಲೆಯಿಂದ ಜೂನಿಯರ್ ವಿಭಾಗಕ್ಕೆ ಹೋಗ್ತಾಳಂತೆ. ಇಡೀ ರಾತ್ರಿ ನೀರಿನಲ್ಲಾ? ಆ ನೀರು ಎಷ್ಟು ಕೊಳಕು ಅಂತ ದಿನಾ ಸುದ್ದಿ ಬರುತ್ತಲ್ಲ.

ಉತ್ತರ: ಜೂನಿಯರ್‌ಗಳಿಗೆ ರಾತ್ರಿ ಇಲ್ಲಮ್ಮ. ಅವರದು ನಾಲ್ಕು ದಿನ: ಮೊದಲ ದಿನ ನ್ಯೂಬರಿವರೆಗೆ 34 ಮೈಲಿ, ಎರಡನೇ ದಿನ ಮಾರ್ಲೋಗೆ 36, ಮೂರನೇ ದಿನ ಟೆಡಿಂಗ್ಟನ್ ಹತ್ತಿರದ ಹ್ಯಾಮ್‌ಗೆ 38, ಸೋಮವಾರ ಕೊನೆಯ 17. ರಾತ್ರಿ ಟೆಂಟ್‌ನಲ್ಲಿ ನಿದ್ದೆ. ಅಂದ ಹಾಗೆ ಇದೆಲ್ಲ ಶುರುವಾಗಿದ್ದೇ ಹುಡುಗರಿಂದ. 1948ರಲ್ಲಿ ಡಿವೈಜಿಸ್‌ನ ರೋವರ್ ಸ್ಕೌಟ್‌ಗಳಿಗೆ 100 ಗಂಟೆಯೊಳಗೆ ವೆಸ್ಟ್‌ಮಿನ್‌ಸ್ಟರ್ ಮುಟ್ಟಿ ಅಂತ ಸವಾಲು ಹಾಕಿದ್ದರು. ಆಗ ನಾಲೆ ಹಾಳುಬಿದ್ದು ಕಳೆ ಕಟ್ಟಿತ್ತು. ಆದರೂ 90 ಗಂಟೆಯೊಳಗೆ ತಲುಪಿದರು.

ನೀರು ಕೊಳಕು ಅನ್ನೋದು ಸುಳ್ಳಲ್ಲ. ಕೈಯ ಗಾಯ, ಬೊಬ್ಬೆಗಳಿಗೆ ನೀರು ತಾಗದ ಪಟ್ಟಿ ಹಾಕಲಿ, ತಿನ್ನೋ ಮುಂಚೆ ಕೈ ಒರೆಸಲಿ, ಕುಡಿಯೋ ಕೊಳವೆಯ ಬಾಯಿ ದೋಣಿಯ ತಳದ ನೀರಿಗೆ ಬೀಳದ ಹಾಗೆ ಕಟ್ಟಲಿ. ಊರಿನಲ್ಲಿ ಇಲಿ ಜ್ವರ ಅಂತೀವಲ್ಲ, ಅದೇ ಇಲ್ಲಿ ವೈಲ್ಸ್ ಕಾಯಿಲೆ. ಅಪರೂಪ, ಆದರೆ ಇದೆ. ರೇಸ್ ಆದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗೋದು ಕಂಡರೆ ಫ್ಲೂ ಅಂತ ಸುಮ್ನಿರಬೇಡಿ. ನಾಲೆಯಲ್ಲಿ ಇದ್ದೆ ಅಂತ ಜಿಪಿಗೆ (ನಿಮ್ಮ ಡಾಕ್ಟರಿಗೆ) ಬಾಯಿಬಿಟ್ಟು ಹೇಳಲಿ, ಹೇಳದಿದ್ದರೆ ಅವರಿಗೆ ಹೊಳೆಯೋದಿಲ್ಲ.

ಪ್ರಶ್ನೆ (ಮಂಡ್ಯದಿಂದ): ಮೇಡಂ, ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಇಂಥದ್ದು ಅಭ್ಯಾಸ ಮಾಡಬಹುದಾ? ತಮ್ಮ ಲಂಡನ್‌ನಲ್ಲಿದ್ದಾನೆ, ಅಲ್ಲಿಗೆ ಬಂದು ಸೇರ್ಕೋಬೇಕು ಅಂತ ಆಸೆ.

ಉತ್ತರ: ದಯವಿಟ್ಟು ಬೇಡ ಸರ್. ಕೆನೆಟ್ ನಾಲೆ ಸರಕು ಸಾಗಿಸೋಕೆ ತೋಡಿದ್ದು, ನೀರು ಹೆಚ್ಚುಕಡಿಮೆ ನಿಂತಿರುತ್ತೆ, ಎಲ್ಲಿ ಬೇಕಾದರೂ ದಡ ಹಿಡೀಬಹುದು. ನಿಮ್ಮದು ನೀರಾವರಿ ನಾಲೆ. ರಭಸ ಇದೆ, ಪಕ್ಕ ಇಳಿಜಾರು ಕಲ್ಲುಕಟ್ಟಡ, ಬಿದ್ದರೆ ಹತ್ತೋಕೆ ಹಿಡಿ ಸಿಗೋದಿಲ್ಲ, ಮುಂದೆ ತೂಬು. ಕಲಿಯೋದಾದರೆ ಶರಾವತಿ ಹಿನ್ನೀರಿನ ಹೊನ್ನೇಮರಡು ಕಡೆಗೆ ಹೋಗಿ, ತೇಲೋ ಜಾಕೆಟ್ ಹಾಕಿ, ಕಲಿಸುವವರ ಜೊತೆ. ಗಂಟೆಗಟ್ಟಲೆ ಕೂತು ಹೊಡೆಯೋ ಬೆನ್ನು ಅಲ್ಲೇ ತಯಾರಾಗುತ್ತೆ. ತಣ್ಣೀರು ಮತ್ತು ಕೆ2 ಮಾತ್ರ ಇಲ್ಲಿ ಬಂದೇ ಕಲೀಬೇಕು, ಅದಕ್ಕೆ ಜನವರಿಗೇ ಬಂದುಬಿಡಿ.

ಪ್ರಶ್ನೆ (ಸ್ಲೌ, ಮತ್ತೆ): ಕೊನೇದು ಮೇಡಂ. ಮುಗಿದ ಮೇಲೆ ದೋಣಿ ವಾಪಸ್ ತರೋದು ಹೇಗೆ? ಹೆಂಡತಿ ಈಗಲೇ ಕೇಳ್ತಿದ್ದಾಳೆ.

ಉತ್ತರ: ಒಳ್ಳೆ ಪ್ರಶ್ನೆ, ಅವರೇ ತಂಡದ ನಾಯಕಿ ಆಗಲಿ. ಕೆ2 ಆರೂವರೆ ಮೀಟರ್ ಉದ್ದ, ಕಾರಿಗಿಂತ ಉದ್ದ. ರೂಫ್ ರ‍್ಯಾಕ್, ಎರಡು ಪಟ್ಟಿ, ಹಿಂದಿನ ತುದಿಗೆ ಕೆಂಪು ಬಟ್ಟೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತಿರ ಕಾರು ನಿಲ್ಲಿಸೋಕೆ ಜಾಗ ಹುಡುಕ್ತಾ ಕೂರಬೇಡಿ, ಎಲ್ಲಿ ನಿಲ್ಲಿಸೋದು ಅಂತ ವಾರ ಮೊದಲೇ ನೋಡಿ ಬನ್ನಿ. ಹಳೇ ಡೀಸೆಲ್ ಕಾರಾದರೆ ಹೊಗೆ ಹೆಚ್ಚು ಬಿಡೋ ವಾಹನಗಳಿಗೆ ಹಾಕೋ ಯೂಲೆಜ್ ಶುಲ್ಕವನ್ನೂ ನೋಡಿಕೊಳ್ಳಿ, ಲಂಡನ್ ಪೂರ್ತಿ ಇದೆ. ರೇಸ್ ಮುಗಿಸಿ ದಡ ಹತ್ತೋ ಮೆಟ್ಟಿಲ ಹತ್ತಿರ ಇಬ್ಬರು ಗಟ್ಟಿಯಾದವರು ನಿಂತಿರಲಿ. ನಿಮ್ಮಿಬ್ಬರ ಕಾಲು ಆಗ ನಿಮ್ಮ ಮಾತು ಕೇಳೋದಿಲ್ಲ, ದೋಣಿ ಅವರೇ ಎತ್ತಬೇಕು. ವಾಪಸ್ ನೀವು ಡ್ರೈವ್ ಮಾಡೋ ಹಾಗಿಲ್ಲ.