ಖಿನ್ನತೆ, ವಿಶ್ವಾಸ, ಸಾಂತ್ವನ ಸೇವೆ: ಕ್ರೈಸ್ತ ಸಭೆಯ (ಚರ್ಚಿನ) ಸಂದೇಶ ಗುಂಪಿನಲ್ಲಿ ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಸಭೆಯವರಿಗೆ ವಂದನೆಗಳು. ನಮ್ಮ ಸಭೆಯವರೇ ಆದ ಮನೋವೈದ್ಯೆ ಡಾಕ್ಟರ್ ಮೇಡಂ ಈ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಕಳೆದ ಭಾನುವಾರದ ಪ್ರಸಂಗವು ಬೈಬಲಿನ 2 ಕೊರಿಂಥ ಪತ್ರದ 1ನೇ ಅಧ್ಯಾಯದ ಮೇಲಿತ್ತು. ನಾವು ದೇವರಿಂದ ಹೊಂದಿದ ಸಾಂತ್ವನದಿಂದಲೇ ಕಷ್ಟದಲ್ಲಿರುವ ಇತರರನ್ನು ಸಂತೈಸಬೇಕೆಂಬ ಮಾತು ಅಲ್ಲಿದೆ. ಪ್ರಶ್ನೆಗಳು ಆ ವಿಷಯದಲ್ಲೇ ಇರಲಿ.

ಸದಸ್ಯರು (ಗದಗ): ಖಿನ್ನತೆಯ ಮಾತ್ರೆ ಆರಂಭಿಸಿ ಹತ್ತು ದಿನಗಳಾದರೂ ಗುಣ ಕಾಣುತ್ತಿಲ್ಲ. ಮುಂದುವರಿಸಬೇಕೇ?

ಡಾಕ್ಟರ್: ಮುಂದುವರಿಸಿ. ಪರಿಣಾಮ ತಿಳಿಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳು ಬೇಕು. ಚಡಪಡಿಕೆ ಹೆಚ್ಚಾದರೆ ಔಷಧ ಬರೆದವರಿಗೆ ಕೂಡಲೇ ತಿಳಿಸಿ.

ಸದಸ್ಯೆ (ಧಾರವಾಡ): ಮೇಡಂ, ಎರಡು ವರ್ಷಗಳಿಂದ ನನಗೆ ಖಿನ್ನತೆಯಿದೆ. ಆರು ತಿಂಗಳಿಂದ ಕಾಯಿಲೆಯವರ, ದುಃಖದಲ್ಲಿರುವವರ ಮನೆಗಳಿಗೆ ಹೋಗಿ ಪ್ರಾರ್ಥಿಸಿ ಬರುತ್ತಿದ್ದೇನೆ. ನನ್ನ ನೋವಿಗೂ ಒಂದು ಉದ್ದೇಶವಿದೆ ಎಂದು ತಿಳಿದದ್ದು ಅಲ್ಲಿಯೇ. ಡಬ್ಬಿಯಲ್ಲಿ ಜೋಳದ ನುಚ್ಚು ಒಯ್ದು ಅವರಿಗೆ ಉಣಿಸುತ್ತೇನೆ, ಆದರೆ ಮನೆಗೆ ಬಂದ ಮೇಲೆ ನನಗೇ ಒಂದು ತುತ್ತೂ ಇಳಿಯುವುದಿಲ್ಲ. ಯಾರೂ ಕರೆಯದ ದಿನ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಮಲಗಿರುತ್ತೇನೆ. ಯಾರಿಗೂ ಬೇಡವಾದ ಮೇಲೆ ನಾನು ಇರುವುದಾದರೂ ಏಕೆ ಅನ್ನಿಸುತ್ತದೆ. ಒಂದು ಉಪವಾಸ ಕೂಟದಲ್ಲಿ ಮಾತ್ರೆ ಅವಿಶ್ವಾಸದ ಗುರುತು ಎಂದರು. ಒಂಬತ್ತು ದಿನಗಳಿಂದ ಅದನ್ನು ಬಿಟ್ಟಿದ್ದೇನೆ. ಸೇವೆಯನ್ನು ಇನ್ನೂ ಹೆಚ್ಚಿಸಿದರೆ ಸರಿಹೋಗುವುದೇ?

ಡಾಕ್ಟರ್: ಸಹೋದರಿ, ಉಳಿದ ಪ್ರಶ್ನೆಗಳು ಕಾಯಲಿ. ಸಾಯಬೇಕೆಂಬ ಯೋಚನೆ ಬರುತ್ತಿದೆಯೇ, ಅದಕ್ಕೆ ದಾರಿ ಹುಡುಕಿದ್ದೀರಾ ಎಂದು ನಿಮ್ಮನ್ನು ನೇರವಾಗಿ ಕೇಳಬೇಕಾಗಿದೆ. ಇಲ್ಲಿ ಉತ್ತರಿಸಬೇಡಿ, ಹತ್ತು ನಿಮಿಷಗಳಲ್ಲಿ ಕರೆ ಮಾಡುತ್ತೇನೆ, ಫೋನ್ ಎತ್ತಿರಿ. ಅಷ್ಟರಲ್ಲಿ ತಂಗಿಯನ್ನೋ ನೆರೆಯವರನ್ನೋ ಮನೆಗೆ ಕರೆಸಿಕೊಳ್ಳಿ. ರಾತ್ರಿ ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಬಿಟ್ಟ ಮಾತ್ರೆಯನ್ನು ಯಾವ ಪ್ರಮಾಣದಿಂದ ಮತ್ತೆ ಆರಂಭಿಸಬೇಕೆಂಬುದನ್ನು ನಾಳೆ ನಿಮ್ಮ ವೈದ್ಯರೇ ಹೇಳಲಿ.

ಸೇವೆ ನಿಮಗೆ ಒಳಿತನ್ನೇ ಮಾಡಿದೆ. ಹಾಸಿಗೆ ಬಿಟ್ಟು ಎದ್ದು ಇನ್ನೊಬ್ಬರಿಗಾಗಿ ಒಂದು ಕೆಲಸ ಮಾಡುವುದರಿಂದ ಖಿನ್ನತೆಯ ಹಿಡಿತ ಸಡಿಲವಾಗುವುದನ್ನು ನಾನು ದಿನವೂ ಕಾಣುತ್ತೇನೆ. ನನಗೆ ಚಿಂತೆ ಹುಟ್ಟಿಸಿದ್ದು ಬೇರೆ: ಇತರರಿಗೆ ಬೇಕಾದ ದಿನ ಮಾತ್ರ ಬದುಕಲು ನಿಮಗೆ ಹಕ್ಕಿದೆ ಎಂಬಂತೆ ಬರೆದಿದ್ದೀರಿ. ಅದೇ ಅಧ್ಯಾಯವನ್ನು 8ನೇ ವಚನದವರೆಗೆ ಓದಿ. ಬದುಕುವ ಆಸೆಯನ್ನೇ ಬಿಟ್ಟಿದ್ದೆವೆಂದು ಆ ಪತ್ರ ಬರೆದ ಪೌಲನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಮೊದಲು ಸಾಂತ್ವನ ಹೊಂದುವುದು, ಆಮೇಲೆ ಕೊಡುವುದು ಎಂಬುದು ಅಲ್ಲಿನ ಕ್ರಮ. ನೀವು ಹೊಂದುವುದನ್ನು ಬಿಟ್ಟು ಕೊಡುತ್ತಲೇ ಇದ್ದೀರಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ತನ್ನ ಪ್ರಾಣವನ್ನು ತೆಗೆದುಬಿಡೆಂದು ಬೇಡಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಕೊಟ್ಟನು. ಅವನು ಉಂಡು ಮಲಗಿದ ಮೇಲೆ ಮತ್ತೊಮ್ಮೆ ಎಬ್ಬಿಸಿ ಉಣಿಸಿದನು. ಮುಂದಿನ ಕೆಲಸ ಸಿಕ್ಕಿದ್ದು ಆ ಬಳಿಕ, ಅದರ ಜೊತೆಗೆ ಜೊತೆಗಾರನಾಗಿ ಎಲೀಷನೂ ಸಿಕ್ಕನು. ಆ ನುಚ್ಚಿನಲ್ಲಿ ಮೊದಲ ತಟ್ಟೆ ನಿಮ್ಮದಾಗಲಿ. ಗುಣವಾಗುವವರೆಗೆ ಒಬ್ಬರೇ ಯಾರ ಮನೆಗೂ ಹೋಗಬೇಡಿ; ಸಾವಿನ ಮಾತನಾಡುವವರ ಹೊಣೆಯನ್ನು ನೀವು ಹೊರಬೇಡಿ.

ಸದಸ್ಯರು (ಹುಬ್ಬಳ್ಳಿ): ನನಗೆ ಬಂದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ: "ಖಿನ್ನತೆ ಅಶುದ್ಧಾತ್ಮದ ಕಟ್ಟು. 21 ದಿನ ಉಪವಾಸ ಮಾಡಿ, ಅಭಿಷೇಕ ತೈಲ ಹಚ್ಚಿ, ಮಾತ್ರೆಗಳನ್ನು ಬಿಸಾಡಿ. ಹತ್ತು ಜನರಿಗೆ ಕಳುಹಿಸಿ."

ಡಾಕ್ಟರ್: ಮೇಲಿನ ಸಹೋದರಿಯ ಪ್ರಶ್ನೆಯನ್ನು ಓದಿದ ಮೇಲೂ ಇದನ್ನು ಹಾಕಿದಿರಾ? ಮಾತ್ರೆಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರೆಗೇಡು, ಮೈಯಲ್ಲಿ ವಿದ್ಯುತ್ ಹರಿದಂತಹ ಅನುಭವ ಬರಬಹುದು, ರೋಗವೂ ಮರುಕಳಿಸಬಹುದು. ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ಔಷಧ ಸೇವಿಸುವವರು ನೀರಿಲ್ಲದೆ ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ವಿಷದ ಮಟ್ಟಕ್ಕೇರಬಹುದು. ತೈಲ ಹಚ್ಚಿ ಪ್ರಾರ್ಥಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಬಿಸಾಡಿ ಎಂಬ ಮಾತನ್ನು ಅಳಿಸಿ.

ಸದಸ್ಯರು (ಹುಬ್ಬಳ್ಳಿ): ಅರಸನಾದ ಆಸನು ಕರ್ತನನ್ನು ಬಿಟ್ಟು ವೈದ್ಯರ ಬಳಿಗೆ ಹೋದನೆಂದು 2 ಪೂರ್ವಕಾಲವೃತ್ತಾಂತ 16:12ರಲ್ಲಿ ಬರೆದಿದೆಯಲ್ಲವೇ?

ಸದಸ್ಯೆ (ಉಡುಪಿ): ಅಲ್ಲಿ ತಪ್ಪು ಎಣಿಸಿದ್ದು ಕರ್ತನನ್ನು ಬಿಟ್ಟದ್ದಕ್ಕೆ. ಲೂಕನನ್ನು ಪ್ರಿಯ ವೈದ್ಯನೆಂದು ಕೊಲೊಸ್ಸೆ 4:14 ಕರೆಯುತ್ತದೆ. ನಿಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾವಾಗ ಬಿಸಾಡುತ್ತೀರಿ?

ಸದಸ್ಯರು (ಹುಬ್ಬಳ್ಳಿ): ದೇಹದ ರೋಗ ಬೇರೆ, ಆತ್ಮದ ಬಾಧೆ ಬೇರೆ. ನಿಮ್ಮಂಥವರಿಂದಲೇ ಸಭೆ ತಣ್ಣಗಾಗಿದೆ.

ಸದಸ್ಯೆ (ಉಡುಪಿ): ನನ್ನ ಅಣ್ಣನಿಗೂ ನಿಮ್ಮಂಥವರೇ ಹೀಗೆ ಹೇಳಿದ್ದರು. ಅವನು ಆಸ್ಪತ್ರೆಯಲ್ಲಿದ್ದ ಎರಡು ತಿಂಗಳಲ್ಲಿ ಅವರಲ್ಲೊಬ್ಬರೂ ಬಾಗಿಲಿಗೆ ಬರಲಿಲ್ಲ.

ಸದಸ್ಯೆ (ಮೈಸೂರು): ಯಜಮಾನರ ಕುಡಿತ ಬಿಡಿಸಲು ಅವರಿಗೆ ತಿಳಿಯದಂತೆ ಊಟದಲ್ಲಿ ಔಷಧ ಬೆರೆಸಬಹುದೇ?

ಸದಸ್ಯರು (ಬೆಟಗೇರಿ): ದುಃಖದಲ್ಲಿರುವವರ ಮನೆಗೆ ಹೋದಾಗ ಯಾವ ವಚನ ಓದಬೇಕು?

ಡಾಕ್ಟರ್: ಮೊದಲ ಭೇಟಿಯಲ್ಲಿ ಏನನ್ನೂ ಓದದಿದ್ದರೂ ನಡೆಯುತ್ತದೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತನಾಡದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು. ದುಃಖದಲ್ಲಿರುವವರೇ ಕೇಳಿದರೆ 88ನೇ ಕೀರ್ತನೆಯನ್ನು ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದನ್ನು ಪ್ರಾರ್ಥನೆಯೆಂದೇ ಇಟ್ಟುಕೊಂಡಿದ್ದಾರೆ.

ಸದಸ್ಯರು (ಕೋಲಾರ): ಪ್ರಾರ್ಥಿಸುತ್ತಿದ್ದರೆ ಮಾತ್ರೆ ನಿಲ್ಲಿಸಬಹುದೇ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಸದಸ್ಯರು (ದುಬೈ): ಗುಣವಾದ ಕೂಡಲೇ ನಿಲ್ಲಿಸಬಹುದೇ?

ಡಾಕ್ಟರ್: ಇಲ್ಲ. ಸಾಮಾನ್ಯವಾಗಿ ಇನ್ನೂ ಆರರಿಂದ ಒಂಬತ್ತು ತಿಂಗಳು ಬೇಕು. ಆಮೇಲೆ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ.

ಸದಸ್ಯರು (ಹುಬ್ಬಳ್ಳಿ): ಸಂದೇಶ ಅಳಿಸುವುದಿಲ್ಲ. ಸಭೆಯ ಪಾದ್ರಿ ಅಯ್ಯನವರೇ ತೀರ್ಮಾನಿಸಲಿ.

ನಿರ್ವಾಹಕರು: ಅಯ್ಯನವರೊಡನೆ ಈಗಷ್ಟೇ ಮಾತನಾಡಿದೆ. ಸಂದೇಶವನ್ನು ನಾನೇ ಅಳಿಸಿದ್ದೇನೆ.

ಸದಸ್ಯೆ (ಮೈಸೂರು): ನನ್ನ ಪ್ರಶ್ನೆಯನ್ನು ಯಾರೂ ನೋಡಲಿಲ್ಲವೇ?

ಸದಸ್ಯೆ (ಧಾರವಾಡ): ಮೇಡಂ ಜೊತೆ ಮಾತಾಯಿತು. ತಂಗಿ ಬಂದಿದ್ದಾಳೆ, ಮಾತ್ರೆಯ ಚೀಟಿ ಅವಳ ಕೈಯಲ್ಲಿದೆ, ನಾಳೆ ಹತ್ತಕ್ಕೆ ಆಸ್ಪತ್ರೆಗೆ ಹೋಗುತ್ತೇವೆ. ಗುರುವಾರ ನಾನು ಹೋಗಬೇಕಿದ್ದ ಎರಡು ಮನೆಗಳಿಗೆ ಯಾರಾದರೂ ಹೋಗುವಿರಾ?

ಸದಸ್ಯೆ (ಉಡುಪಿ): ಗುರುವಾರ ನಾನು ಧಾರವಾಡದಲ್ಲೇ ಇರುತ್ತೇನೆ. ವಿಳಾಸ ಕಳುಹಿಸಿ, ನಿಮ್ಮ ಮನೆಯದ್ದನ್ನೂ ಸೇರಿಸಿ.